ಚದುರಂಗದಲ್ಲಿ ಸಂಧಿಯ ಮರ್ಯಾದೆ

ಚದುರಂಗದಾಟದಲ್ಲಿ ಗೆಲವು ಸೋಲುಗಳಲ್ಲದೆ ಮೂರನೆಯ ಗತಿಯೊಂದುಂಟು. ಪಂದ್ಯಗಳಲ್ಲಿ ಅದನ್ನು ‘ಡ್ರಾ’ ಎನ್ನುತ್ತಾರೆ; ಜಗಲಿಯಲ್ಲಿ ಕುಳಿತು ಆಡುವ ಹಿರಿಯರು ‘ಸಮವಾಯಿತು’ ಎಂದುಬಿಡುತ್ತಾರೆ. ಮಣೆಯ ಮೇಲೆ ರಾಜರಿಬ್ಬರೇ ಉಳಿದಾಗಲೂ, ಶಹವಿಲ್ಲದೆಯೇ ಒಬ್ಬನಿಗೆ ನಡೆ ನಿಂತುಹೋದಾಗಲೂ ಈ ಸಮವು ತಾನಾಗಿಯೇ ಒದಗುತ್ತದೆ. ಆದರೆ ಕಾಯಿಗಳಿನ್ನೂ ಇರುವಾಗ, ಕಾಳಗವು ಮುಗಿಯದಿರುವಾಗ, ಒಬ್ಬನು ಮತ್ತೊಬ್ಬನನ್ನು ‘ಸಮ ಮಾಡಿಕೊಳ್ಳೋಣವೆ?’ ಎಂದು ಕೇಳಿದರೆ ಅದು ಸಂಧಿಯ ಮಾತು. ಮೌನವೇ ವ್ರತವಾದ ಈ ಆಟದಲ್ಲಿ ಎದುರಾಳಿಯೊಡನೆ ಆಡಬಹುದಾದ ಮಾತುಗಳು ಮೂರೋ ನಾಲ್ಕೋ. ಅವುಗಳಲ್ಲಿ ಮನುಷ್ಯನ ಸ್ವಭಾವವನ್ನು ಇದರಷ್ಟು ಹೊರಗೆಡಹುವುದು ಬೇರೊಂದಿಲ್ಲವೆಂದು ನನ್ನ ನಂಬಿಕೆ.

ಈ ಮಾತಿಗೆ ಫಿಡೆ ಎಂಬ ಅಂತರರಾಷ್ಟ್ರೀಯ ಚದುರಂಗ ಒಕ್ಕೂಟವು ಕ್ರಮವೊಂದನ್ನು ವಿಧಿಸಿದೆ. ಮೊದಲು ತನ್ನ ನಡೆಯನ್ನು ಮಣೆಯ ಮೇಲೆ ನಡೆಸಬೇಕು; ಅನಂತರ ಸಂಧಿಯನ್ನು ಕೇಳಬೇಕು; ಆಮೇಲೆ ಗಡಿಯಾರವನ್ನು ಒತ್ತಬೇಕು. ನೋಡುವುದಕ್ಕೆ ಇದು ಅಲ್ಪ ವಿಷಯವಾದರೂ ಇದರೊಳಗೆ ನ್ಯಾಯವಿದೆ. ನಡೆಯನ್ನು ಬಚ್ಚಿಟ್ಟುಕೊಂಡು ಕೇಳುವವನು ಎದುರಾಳಿಯ ಮನಸ್ಸನ್ನು ಅಳೆದು ಆಮೇಲೆ ನಡೆಯನ್ನು ಆರಿಸಿಕೊಳ್ಳಲು ಹವಣಿಸುತ್ತಾನೆ. ಎದುರಾಳಿಯ ಗಡಿಯಾರ ಓಡುತ್ತಿರುವಾಗ ಕೇಳುವವನು ಅವನ ಯೋಚನೆಯನ್ನು ಕದಡುತ್ತಾನೆ. ಕೇಳಿದ ಮೇಲೆ ಹಿಂದೆಗೆಯುವಂತಿಲ್ಲ, ಷರತ್ತು ಹಾಕುವಂತಿಲ್ಲ. ಒಲ್ಲದವನು ಬಾಯಿಬಿಟ್ಟು ಹೇಳಬೇಕೆಂದೂ ಇಲ್ಲ. ನಡೆಸುವ ಉದ್ದೇಶದಿಂದ ಒಂದು ಕಾಯಿಯನ್ನು ಮುಟ್ಟಿದರೆ ಅದೇ ನಿರಾಕರಣೆ. ಯುಕ್ತಾಯುಕ್ತವನ್ನು ನೋಡದೆ ಸಂಧಿ ಕೇಳಿ ಎದುರಾಳಿಯನ್ನು ಕಾಡುವುದು ನಿಯಮದ ಕಣ್ಣಿನಲ್ಲಿಯೇ ಅಪರಾಧ.

ನಿಯಮವು ಇಲ್ಲಿಗೆ ನಿಲ್ಲುತ್ತದೆ. ಮರ್ಯಾದೆಯು ಮುಂದೆ ಹೋಗುತ್ತದೆ. ನನಗೆ ಅದನ್ನು ಕಲಿಸಿದವರು, ಈಗ ದಿವಂಗತರಾಗಿರುವ, ನಮ್ಮ ಬೀದಿಯ ನಿವೃತ್ತ ಉಪಾಧ್ಯಾಯರೊಬ್ಬರು. ಅವರಲ್ಲಿ ಪಂದ್ಯದ ಗಡಿಯಾರವಿರಲಿಲ್ಲ. ಇದ್ದದ್ದು ಬಣ್ಣ ಮಾಸಿದ ಮರದ ಕಾಯಿಗಳು, ಕಳೆದುಹೋದ ಕಾಲಾಳೊಂದರ ಸ್ಥಾನದಲ್ಲಿ ಒಂದು ಹುಣಿಸೆಬೀಜ. ಸಂಸ್ಕೃತ ಬಲ್ಲವರಾದುದರಿಂದ ಅವರು ಕೌಟಿಲ್ಯನನ್ನೆತ್ತಿ ಹೇಳುತ್ತಿದ್ದರು: ‘ಬಲಗುಂದಿದವನು ಸಂಧಿ ಮಾಡಿಕೊಳ್ಳಬೇಕೆಂದು ಅರ್ಥಶಾಸ್ತ್ರದ ಮತ. ರಾಜ್ಯಕ್ಕೆ ಅದು ಸರಿ. ಅಲ್ಲಿ ಪ್ರಜೆಗಳ ಪ್ರಾಣವಿದೆ. ಮಣೆಯ ಮೇಲೆ ಅದು ತಲೆಕೆಳಗು, ತಮ್ಮಾ. ಇಲ್ಲಿ ಕೆಳಗಾದವನು ಬಾಯಿ ಮುಚ್ಚಿಕೊಂಡು ಆಡಬೇಕು. ಮೇಲಾದವನೋ ಸಮನಾದವನೋ ಕೇಳಬೇಕು.’ ಒಮ್ಮೆ ಕೇಳಿ ಇಲ್ಲವೆನಿಸಿಕೊಂಡವನು, ಮಣೆಯ ಸ್ಥಿತಿ ಬದಲಾಗದ ಹೊರತು, ಮತ್ತೆ ಕೇಳಬಾರದೆಂಬುದೂ ಅವರ ಪಾಠವೇ.

ದೊಡ್ಡ ಪಂದ್ಯಗಳಲ್ಲಿ ಈ ಸಂಧಿಯು ಬಹಳ ಅಪವಾದಕ್ಕೆ ಗುರಿಯಾಗಿದೆ. 1962ರಲ್ಲಿ ಕ್ಯುರಸಾವೊ ದ್ವೀಪದಲ್ಲಿ ನಡೆದ ಪಂದ್ಯದಲ್ಲಿ ಸೋವಿಯೆತ್ ದೇಶದ ಪೆಟ್ರೋಸಿಯನ್, ಕೆರೆಸ್, ಗೆಲ್ಲರ್ ಎಂಬ ಮೂವರು ತಮ್ಮತಮ್ಮೊಳಗೆ ಆಡಿದ 12 ಆಟಗಳೂ ಸಮವಾದುವು. ಇದು ಒಳಒಪ್ಪಂದವೆಂದು ಅಮೆರಿಕದ ಬಾಬಿ ಫಿಷರ್ ಬಹಿರಂಗವಾಗಿ ದೂರಿದನು. 2005ರಲ್ಲಿ ಬಲ್ಗೇರಿಯದ ಸೋಫಿಯಾ ನಗರದ ಪಂದ್ಯವೊಂದರಲ್ಲಿ ಆಟಗಾರರು ತಮ್ಮೊಳಗೆ ಸಂಧಿ ಕೇಳುವುದನ್ನೇ ನಿಷೇಧಿಸಿದರು. ಇದರಿಂದ ಕಪಟವು ಕಡಮೆಯಾಗಬಹುದು. ಆದರೆ ಕಪಟಿಗಳ ದೆಸೆಯಿಂದ ಸಜ್ಜನರ ಬಾಯನ್ನೂ ಕಟ್ಟಿದಂತಾಗುತ್ತದೆ. ಪ್ರಾಮಾಣಿಕನ ಸಂಧಿಯೂ ಲೋಕಕ್ಕೆ ಅರ್ಥವಾಗದೆ ಹೋಗುವುದುಂಟು. 2018ರಲ್ಲಿ ಲಂಡನ್ನಿನಲ್ಲಿ ನಡೆದ ವಿಶ್ವಪಟ್ಟದ ಕಾಳಗದಲ್ಲಿ 11 ಆಟಗಳು ಸಮವಾಗಿದ್ದುವು. 12ನೆಯದರಲ್ಲಿ ಸ್ಥಿತಿಯೂ ಗಡಿಯಾರವೂ ತನಗೇ ಅನುಕೂಲವಾಗಿದ್ದಾಗ ಕಾರ್ಲ್‌ಸನ್ 31ನೆಯ ನಡೆಯಲ್ಲಿ ಸಂಧಿಯನ್ನು ಕೇಳಿದನು, ಕರುವಾನ ಒಪ್ಪಿದನು. ಕಾರ್ಲ್‌ಸನ್ ಧೈರ್ಯಗೆಟ್ಟನೆಂದು ಹಲವರು ಆಡಿಕೊಂಡರು. ಆದರೆ ತ್ವರಿತ ಆಟಗಳಲ್ಲಿ ತನ್ನ ಕೈ ಮೇಲೆಂಬುದು ಅವನ ಲೆಕ್ಕ; ಮುಂದಿನ ನಿರ್ಣಾಯಕ ಆಟಗಳು ಮೂರನ್ನೂ ಗೆದ್ದು ಅವನು ಪಟ್ಟವನ್ನು ಉಳಿಸಿಕೊಂಡನು.

ಈ ಸುದ್ದಿಯನ್ನು ಓದಿದಾಗಲೆಲ್ಲ ನನಗೆ ಮೇಷ್ಟರ ಜಗಲಿಯಲ್ಲಿ ನಡೆದ ಒಂದು ಆಟ ನೆನಪಿಗೆ ಬರುತ್ತದೆ. ಪಾರ್ಶ್ವವಾಯು ಬಡಿದು ಅವರ ಬಲಗೈ ಬಿದ್ದುಹೋಗಿದ್ದ ಕಾಲ. ಎಡಗೈಯಿಂದ ಕಾಯಿ ಎತ್ತುವರು. ಪಕ್ಕದ ಕಾಯಿ ಉರುಳುವುದು. ಅದನ್ನು ತಾವೇ ನಿಲ್ಲಿಸುವರು. ಅಂದು ಎದುರಿಗಿದ್ದ ಹುಡುಗನಿಗೆ ಒಂದು ಆನೆ ಹೆಚ್ಚಾಗಿತ್ತು, ಗೆಲವು ಸ್ಪಷ್ಟವಾಗಿತ್ತು. ಅವನು ಮೆಲ್ಲಗೆ, ‘ಮೇಷ್ಟ್ರೇ, ಸಮ ಮಾಡಿಕೊಳ್ಳೋಣ’ ಎಂದನು. ಮೇಷ್ಟರು ಬಹಳ ಹೊತ್ತು ಮಣೆಯನ್ನು ನೋಡಿ, ‘ಮಣೆ ನೋಡಿ ಕೇಳಿದೆಯೋ ಮಗು, ನನ್ನ ಕೈ ನೋಡಿ ಕೇಳಿದೆಯೋ?’ ಎಂದರು. ಹುಡುಗನು ತಲೆ ತಗ್ಗಿಸಿದನು. ‘ನಿನ್ನ ಆನೆ ನಡೆಸು’ ಎಂದು ಹೇಳಿ ಆಟ ಮುಂದುವರಿಸಿದರು. ಹೊತ್ತು ಮುಳುಗುವ ಮೊದಲು ಸೋತು, ಎಡಗೈಯನ್ನು ಚಾಚಿ, ‘ಕಡೆಯ ನಡೆ ಚೆನ್ನಾಗಿತ್ತು’ ಎಂದರು. ಕಾಯಿಲೆ ಬಿದ್ದ ಮೇಲೆ ಅವರ ಮುಖದಲ್ಲಿ ಅಂತಹ ಗೆಲವನ್ನು ನಾನು ಕಂಡಿರಲಿಲ್ಲ.

ಅವರದೇ ಸೂತ್ರದಂತೆ ಮೇಲಾದವನೇ ಕೇಳಿದ್ದನು. ಆದರೂ ಅವರು ಏಕೆ ಒಪ್ಪಲಿಲ್ಲ? ಬಹಳ ಕಾಲ ಯೋಚಿಸಿ ನಾನು ಕಂಡುಕೊಂಡ ಉತ್ತರವಿದು. ಸಂಧಿಯೆಂಬುದು ಕಾಳಗದ ಒಂದು ನಡೆ. ಎದುರಿಗೆ ಕುಳಿತವನನ್ನು ಪೂರ್ಣ ಎದುರಾಳಿಯೆಂದು ಎಣಿಸಿದವನು ಮಾತ್ರ ಅದನ್ನು ನಡೆಸಬಲ್ಲನು. ಲಂಡನ್ನಿನ ಸಂಧಿಯಲ್ಲಿ ಲೆಕ್ಕಾಚಾರವಿದ್ದಿತು, ಆದರೆ ಎದುರಾಳಿಯ ಬಲವನ್ನು ತೂಗಿನೋಡಿದ ಗೌರವವೂ ಇದ್ದಿತು. ನಮ್ಮ ಹುಡುಗನ ಸಂಧಿಯಲ್ಲಿ ಕರುಣೆಯಿದ್ದಿತು. ಆ ಕರುಣೆಯು ಮೇಷ್ಟರನ್ನು ಮಣೆಯಿಂದ ಎಬ್ಬಿಸಿ ಹಾಸಿಗೆಯಲ್ಲಿ ಮಲಗಿಸಿಬಿಟ್ಟಿತ್ತು. ಭಯದಿಂದ ಕೇಳುವವನು ತನ್ನನ್ನು ಕಡೆಗಣಿಸುತ್ತಾನೆ. ಮರುಕದಿಂದ ಕೇಳುವವನು ಎದುರಾಳಿಯನ್ನು ಕಡೆಗಣಿಸುತ್ತಾನೆ.

ನಾನೂ ಈಗ ಮೇಷ್ಟರ ಆ ವಯಸ್ಸಿಗೆ ಸಮೀಪಿಸಿದ್ದೇನೆ. ಬಸ್ಸಿನಲ್ಲಿ ಕಿರಿಯರು ಎದ್ದು ಸ್ಥಳ ಬಿಟ್ಟರೆ ಸಂತೋಷದಿಂದ ಕೂರುತ್ತೇನೆ. ಆದರೆ ಮಣೆಯ ಮುಂದೆ ಕುಳಿತಾಗ ಅವರಲ್ಲಿ ನನ್ನ ಬೇಡಿಕೆ ಇಷ್ಟೇ: ನಿಜವಾಗಿ ಸಮವೆಂದು ಕಂಡರೆ ನಿಮ್ಮ ನಡೆಯನ್ನು ನಡೆಸಿ, ಒಂದೇ ಸಲ, ಮೆಲುದನಿಯಲ್ಲಿ ಕೇಳಿರಿ, ಇಲ್ಲವಾದರೆ ದಯಮಾಡಿ ನನ್ನನ್ನು ಸೋಲಿಸಿರಿ.