ಸಾಲ್ಮಿಯಾದ ಬಾಲ್ಕನಿಯಲ್ಲಿ ಒಂದು ಗಾಳದ ಕೋಲು

ಪತ್ರಿಕೆಗೆ ಏನಾದರೂ ಬರೆದುಕೊಡಿ ಎಂದು ನಮ್ಮ ಸಂಪಾದಕರು ಮೂರು ಸಲ ಫೋನ್ ಮಾಡಿದರು. ಡಾಕ್ಟರ ಲೇಖನವೆಂದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕೊಲೆಸ್ಟರಾಲ್ ಎಂದು ಓದುಗರು ಪುಟ ತಿರುಗಿಸಿಬಿಡುತ್ತಾರೆ. ಕೂಟದ ಹಬ್ಬದ ಊಟದಲ್ಲಿ ನಾನು ಪಕ್ಕ ಕುಳಿತರೆ ಎರಡನೇ ಹೋಳಿಗೆ ಬೇಡವೆನ್ನುವವರೂ ಇದ್ದಾರೆ! ಆದ್ದರಿಂದ ಈ ಸಲ ಕಾಯಿಲೆಯ ಮಾತು ಬಿಟ್ಟು ಮೀನು ಹಿಡಿಯುವ ವಿಷಯ ಬರೆಯುತ್ತೇನೆ ಎಂದು ಒಪ್ಪಿಕೊಂಡೆ. ಕಾಯಿಲೆ ಮಾತ್ರ ನನ್ನನ್ನು ಪೂರ್ತಿ ಬಿಡಲಿಲ್ಲ. ಅದು ಮುಂದೆ ನಿಮಗೇ ತಿಳಿಯುತ್ತದೆ.

ಕುವೈತಿನಲ್ಲಿ ಕುಳಿತು ಸಿಹಿನೀರಿನ ಮೀನಿನ ಬಗ್ಗೆ ಬರೆಯುವುದು ತಮಾಷೆಯೇ ಸರಿ. ಇಲ್ಲಿ ಒಂದು ಹೊಳೆಯಿಲ್ಲ, ಕೆರೆಯಿಲ್ಲ. ಹಿಂದೆ ಕುಡಿಯುವ ನೀರು ಶತ್ ಅಲ್ ಅರಬ್ ನದಿಯಿಂದ ದೋಣಿಗಳಲ್ಲಿ ಬರುತ್ತಿತ್ತಂತೆ. ಈಗ ನಾವು ಕುಡಿಯುವುದು ಉಪ್ಪು ತೆಗೆದ ಸಮುದ್ರದ ನೀರು. ಗಲ್ಫ್ ರಸ್ತೆಯ ಬದಿಯಲ್ಲಿ ಸಂಜೆ ಗಾಳ ಹಾಕಿ ಕೂರುವವರನ್ನು ನೀವೆಲ್ಲ ನೋಡಿದ್ದೀರಿ. ನಮ್ಮ ಮಂಗಳೂರು, ಉಡುಪಿ ಕಡೆಯ ಸದಸ್ಯರಿಗೆ ಜುಬೈದಿ, ಹಮೂರ್ ಸಿಕ್ಕರೆ ಊರೇ ಸಿಕ್ಕಂತೆ. ನಾನು ಮಾತ್ರ ಬಯಲುಸೀಮೆಯ ಅಂಚಿನವನು. ನನಗೆ ಮೀನೆಂದರೆ ಕೆರೆ ಮೀನು, ಹೊಳೆ ಮೀನು.

ನಮ್ಮೂರು ಅರಕಲಗೂಡು ತಾಲ್ಲೂಕಿನಲ್ಲಿ, ಕಾವೇರಿ ತೀರದ ರಾಮನಾಥಪುರಕ್ಕೆ ಹತ್ತಿರ. ರಾಮನಾಥಪುರದ ದೇವಸ್ಥಾನದ ಬಳಿ ಹೊಳೆಯಲ್ಲಿ ದೊಡ್ಡ ದೊಡ್ಡ ಮೀನುಗಳಿವೆ. ಭಕ್ತರು ಪುರಿ ಹಾಕುತ್ತಾರೆ, ಯಾರೂ ಹಿಡಿಯುವುದಿಲ್ಲ. ಶೃಂಗೇರಿಯ ತುಂಗೆಯಲ್ಲೂ ಹಾಗೆಯೇ. ನನ್ನ ಅಪ್ಪ ಶಾಲೆಯ ಹೆಡ್ಮಾಸ್ಟರಾಗಿದ್ದವರು. ಭಾನುವಾರ ನನ್ನನ್ನು ಸೈಕಲ್ ಬಾರಿನ ಮೇಲೆ ಕೂರಿಸಿಕೊಂಡು ಹೊಳೆಗಲ್ಲ, ನಮ್ಮೂರ ಕೆರೆಗೆ ಹೋಗುತ್ತಿದ್ದರು. "ಹೊಳೆಯದು ದೇವರ ಮೀನು, ಕೆರೆಯದು ನಮ್ಮದು" ಎನ್ನುವುದು ಅವರ ಕಾನೂನು.

ಅಪ್ಪನ ಕೋಲು ಕಿರುಬಿದಿರಿನದು. ಹೆಬ್ಬಿದಿರು ಟೊಳ್ಳು, ಕಿರುಬಿದಿರು ಒಳಗೆ ಗಟ್ಟಿ. ಹಸಿ ಗಳವನ್ನು ಕೆಂಡದ ಮೇಲೆ ಕಾಯಿಸಿ ಡೊಂಕು ತಿದ್ದಿ, ಹರಳೆಣ್ಣೆ ಸವರಿ, ತುದಿಗೆ ಕಲ್ಲು ಕಟ್ಟಿ ಹಿತ್ತಲ ಮರಕ್ಕೆ ನೇತುಹಾಕುತ್ತಿದ್ದರು. ಜೋಳದ ದಂಟಿನ ಬೆಂಡು, ನೈಲಾನ್ ದಾರ, ಎರೆಹುಳು ಇಲ್ಲವೇ ರಾಗಿಮುದ್ದೆಯ ಗುಳಿಗೆ, ಇಷ್ಟೇ ಸಾಮಾನು. ಉಪದೇಶವೂ ಅಷ್ಟೇ ಚಿಕ್ಕದು. ಸೂರ್ಯ ಬೆನ್ನಿಗಿರಬಾರದು, ನೆರಳು ನೀರಿಗೆ ಬೀಳುತ್ತದೆ. ಏರಿಯ ಮೇಲೆ ಧಪಧಪ ನಡೆಯಬಾರದು, ಮೀನಿಗೆ ಹೆಜ್ಜೆ ಕೇಳುತ್ತದೆ. ಕೊರವನ ಮೀನು ಗಾಳಿ ಕುಡಿಯಲು ಮೇಲೆ ಬಂದೇ ಬರುತ್ತದೆ. ಬಂದ ಜಾಗಕ್ಕಲ್ಲ, ಅದರ ಮೂತಿ ತಿರುಗಿದ್ದ ಕಡೆಗೆ ಒಂದು ಮಾರು ಮುಂದೆ ಗಾಳ ಹಾಕಬೇಕು. ಕೆಂಪಗಿನ ಮರಿಗಳ ಗುಂಪು ತೇಲುತ್ತಿದ್ದರೆ ಕೆಳಗೆ ತಾಯಿತಂದೆ ಕಾವಲಿರುತ್ತವೆ, ಆಗ ಕೋಲು ಎತ್ತಿಕೊಂಡು ಮನೆಗೆ ಬರಬೇಕು.

ಮೈಸೂರಿನಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ, ಹೆಚ್ಚಿನ ತರಬೇತಿಗೆಂದು 1997ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನಿಗೆ ಹೋದೆ. ಊರಿನ ಎರಡು ಮಗ್ಗುಲಲ್ಲಿ ಡೀ ಮತ್ತು ಡಾನ್ ಎಂಬ ಎರಡು ನದಿಗಳು. ಡೀ ಸಾಲ್ಮನ್ನಿಗೆ ಪ್ರಸಿದ್ಧ, ಡಾನ್ ಟ್ರೌಟಿಗೆ. ಅಲ್ಲಿ ಭಾನುವಾರ ಸಾಲ್ಮನ್ ಹಿಡಿಯುವಂತಿಲ್ಲ, ಅದು ಕಾನೂನು. ಅಪ್ಪನಿಗೆ ಕಾಗದದಲ್ಲಿ ಬರೆದಾಗ ಅವರಿಗೆ ಬಹಳ ಸಂತೋಷವಾಗಿತ್ತು, "ಅಲ್ಲಿಯೂ ದೇವರ ಮೀನು ಉಂಟು" ಎಂದು. ನನ್ನ ಜೊತೆಯ ಹಿರಿಯ ವೈದ್ಯರೊಬ್ಬರು ಫ್ಲೈ ಫಿಶಿಂಗ್ ಕಲಿಸಿದರು. ಇದರ ಗುಟ್ಟು ಇಷ್ಟು: ನಮ್ಮ ಗಾಳದಲ್ಲಿ ತುದಿಯ ಭಾರ ದಾರವನ್ನು ಎಳೆದುಕೊಂಡು ಹೋಗುತ್ತದೆ. ಫ್ಲೈ ಎಂದರೆ ಗರಿ, ನೂಲು, ಕೂದಲು ಸುತ್ತಿದ ಹುಳುವಿನ ವೇಷ. ಅದಕ್ಕೆ ತೂಕವೇ ಇಲ್ಲ. ಆದ್ದರಿಂದ ದಾರಕ್ಕೇ ತೂಕ ಕೊಟ್ಟಿರುತ್ತಾರೆ. 7ನೇ ನಂಬರಿನ ಲೈನ್ ಎಂದರೆ ಮೊದಲ 30 ಅಡಿ 185 ಗ್ರೇನ್, ಅಂದರೆ ಸುಮಾರು 12 ಗ್ರಾಂ. ಕೋಲನ್ನು ಹಿಂದಕ್ಕೆ ಬೀಸಿ, ದಾರ ಬೆನ್ನ ಹಿಂದೆ ಪೂರ್ತಿ ಬಿಚ್ಚಿಕೊಳ್ಳುವವರೆಗೆ ತಡೆದು, ಆಮೇಲೆ ಮುಂದಕ್ಕೆ ಬೀಸಬೇಕು. ಎಲ್ಲ ವಿದ್ಯೆ ಆ ತಡೆಯುವುದರಲ್ಲಿದೆ. ತಾಳಿದವನು ಬಾಳಿಯಾನು.

ಈ ವಿದ್ಯೆ ನಮ್ಮ ನಾಡಿಗೆ ಹೊಸದೇನೂ ಅಲ್ಲ. ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್ ಎಂಬವರು ಬರೆದ 'ದಿ ರಾಡ್ ಇನ್ ಇಂಡಿಯಾ' 1873ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಹಿಡಿದರು. ನಮ್ಮ ಬೆಸ್ತರು ಬಿಳಿಮೀನು ಎನ್ನುವ ಕಾವೇರಿಯ ಆ ಡುಬ್ಬದ ಮಹಶೀರ್‌ಗೆ ಶಾಸ್ತ್ರೀಯ ಹೆಸರು ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನ ಪಟ್ಟಿಗೂ ಸೇರಿತು. ಹೆಸರಿಡುವ ಹೊತ್ತಿಗೆ ಕೂಸು ಬಡವಾಗಿತ್ತು.

ಇನ್ನು ಕೋಲಿನ ಕಥೆಗೆ ಬರುತ್ತೇನೆ.

ನಾನು 2003ರಲ್ಲಿ ಕುವೈತಿಗೆ ಬಂದೆ. ಫೋನ್ ಎಷ್ಟೇ ಅಗ್ಗವಾದರೂ ಅಪ್ಪ ಪ್ರತಿ ಯುಗಾದಿಗೆ ಒಂದು ಕಾಗದ ಬರೆಯುತ್ತಿದ್ದರು. ಹೆಡ್ಮಾಸ್ಟರ ದುಂಡಗಿನ ಅಕ್ಷರ, ಬೋರ್ಡಿನ ಮೇಲೆ ಬರೆದಂತೆ. 2015ರ ಕಾಗದದಲ್ಲಿ ಅಕ್ಷರ ಸ್ವಲ್ಪ ಚಿಕ್ಕದಾಗಿತ್ತು. 2016ರಲ್ಲಿ ಸಾಲಿನ ಕೊನೆಗೆ ಬರುವಾಗ ಇರುವೆ ಸಾಲಿನಂತಾಗಿತ್ತು. "ಅಪ್ಪ ಕಾಗದ ಉಳಿಸುತ್ತಿದ್ದಾರೆ" ಎಂದು ಹೆಂಡತಿಯ ಹತ್ತಿರ ನಕ್ಕೆ. 2017ರಲ್ಲಿ ರಜಕ್ಕೆ ಹೋದಾಗ ಜಗುಲಿಯ ಮೇಲೆ ಕುಳಿತಿದ್ದ ಅಪ್ಪನ ಬಲಗೈ ಹೆಬ್ಬೆರಳು ಗುಳಿಗೆ ಉರುಳಿಸುವಂತೆ ತಾನಾಗಿ ಆಡುತ್ತಿತ್ತು. ಪಾರ್ಕಿನ್ಸನ್ ಕಾಯಿಲೆ. ಅಕ್ಷರ ಕಿರಿದಾಗುವುದು ಅದರ ಮೊದಲ ಲಕ್ಷಣಗಳಲ್ಲೊಂದೆಂದು ಎರಡನೇ ವರ್ಷದ ಪಿ.ಜಿ. ವಿದ್ಯಾರ್ಥಿಯೂ ಹೇಳುತ್ತಾನೆ. ಇಲ್ಲಿ ಕಂಡವರ ತಂದೆಯರ ನಾಡಿ ಹಿಡಿಯುವ ನಾನು, ನನ್ನ ತಂದೆ ಎರಡು ವರ್ಷ ಕೈಯಾರೆ ಬರೆದು ಕಳಿಸಿದ ಲಕ್ಷಣವನ್ನು ಓದಿ ನಕ್ಕು ಮಡಿಸಿಟ್ಟಿದ್ದೆ. ಆ ಕಾಗದಗಳು ಈಗಲೂ ನನ್ನ ಮೇಜಿನ ಡ್ರಾಯರಿನಲ್ಲಿವೆ.

ಚಿಕಿತ್ಸೆ ಶುರುವಾಯಿತು. ಆದರೆ ಅಪ್ಪ ಕೆರೆಗೆ ಹೋಗುವುದನ್ನು ನಿಲ್ಲಿಸಿದರು. ತೆಳ್ಳನೆಯ ಬಿದಿರು ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಒಂದು ದಿನ ಕೋಲು ಮೆಟ್ಟಿಲಿಗೆ ಬಡಿದು ಮುರಿಯಿತು. ಅದರ ಬುಡದ ಒಂದು ಗೇಣನ್ನು ನಾನು ಪೆಟ್ಟಿಗೆಯಲ್ಲಿಟ್ಟುಕೊಂಡು ಸಾಲ್ಮಿಯಾಕ್ಕೆ ತಂದೆ.

2020ರ ಮಾರ್ಚಿನಲ್ಲಿ ಇಲ್ಲಿ ವಿಮಾನಗಳು ನಿಂತವು. ನಮ್ಮ ಆಸ್ಪತ್ರೆಗಳಲ್ಲಿ ಆಗ ಏನಾಗುತ್ತಿತ್ತೆಂದು ನಿಮಗೆಲ್ಲ ಗೊತ್ತು. ರಾತ್ರಿ ಮನೆಗೆ ಬಂದು, ಬೇರೆ ಕೋಣೆಯಲ್ಲಿ ಮಲಗಿ, ನಿದ್ದೆ ಬಾರದಾಗ ಈ ಕೋಲಿನ ಕೆಲಸ ಹಿಡಿದೆ. ಅಂಗಡಿಯಲ್ಲಿ ಸಿದ್ಧ ಕೋಲು ಸಿಗುವುದಿಲ್ಲವೇ? ಸಿಗುತ್ತದೆ. ಆದರೆ ಅದರ ಹಿಡಿ ಗಟ್ಟಿ ಕೈಯವರ ಅಳತೆಯದು. ಬೆರಳು ಪೂರ್ತಿ ಮಡಿಸಲಾಗದವರಿಗೆ ದಪ್ಪ ಹಿಡಿ ಬೇಕು. ನಮ್ಮ ರೋಗಿಗಳಿಗೆ ದಪ್ಪ ಹಿಡಿಯ ಚಮಚ ಕೊಡುವುದಿಲ್ಲವೇ, ಅದೇ ತತ್ವ.

ಬೋಳು ಕೋಲನ್ನು ಬ್ಲಾಂಕ್ ಎನ್ನುತ್ತಾರೆ. ನಾನು ತರಿಸಿದ್ದು ಕಾರ್ಬನ್ ಫೈಬರಿನದು, ಎಂಟು ಅಡಿ, ನಾಲ್ಕು ತುಂಡು, 7ನೇ ನಂಬರಿನ ಲೈನಿಗೆ. ಮೊದಲು ಪ್ರತಿ ತುಂಡಿನ ಬೆನ್ನೆಲುಬು ಹುಡುಕಬೇಕು. ತುಂಡನ್ನು ನೆಲಕ್ಕೂರಿ, ಬಾಗಿಸಿ, ಬೆರಳಲ್ಲಿ ಉರುಳಿಸಿದರೆ ಅದು ಒಂದು ಕಡೆಗೆ ತಾನೇ ಹೊರಳಿ ನಿಲ್ಲುತ್ತದೆ. ಅಲ್ಲಿ ಗುರುತು ಹಾಕಿ, ಉಂಗುರಗಳನ್ನೆಲ್ಲ ಆ ಗುರುತಿನ ನೇರಕ್ಕೆ ಕೂರಿಸಬೇಕು. ಅರ್ಧ ಇಂಚಿನ ಕಾರ್ಕ್ ಬಿಲ್ಲೆಗಳನ್ನು ಎಪಾಕ್ಸಿ ಅಂಟಿನಿಂದ ಒಂದರ ಮೇಲೊಂದು ಅಂಟಿಸಿ, ಮರಳು ಕಾಗದದಲ್ಲಿ ಉಜ್ಜಿ ಹಿಡಿ ಮಾಡಿದೆ; ಅಂಗಡಿಯದಕ್ಕಿಂತ ಒಂದು ಬೆರಳು ದಪ್ಪ. ರೀಲು ಕೂರುವ ಜಾಗಕ್ಕೆ ಅಪ್ಪನ ಹಳೆಯ ಕಿರುಬಿದಿರಿನ ತುಂಡನ್ನೇ ಕೊರೆದು ಹಾಕಿದೆ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ, ನನ್ನ ಕೋಲಿನಲ್ಲಿ ಅತ್ಯಂತ ಗಟ್ಟಿಯಾದ ಭಾಗ ಅದೇ.

ಉಂಗುರಗಳನ್ನು ನೂಲಿನಿಂದ ಸುತ್ತಿ ಕಟ್ಟುವುದು ತಾಳ್ಮೆಯ ಕೆಲಸ. ಅಡಿಗೊಂದು ಉಂಗುರ, ಮೇಲೊಂದು ಹೆಚ್ಚು. ತುದಿಗೆ ಹೋದಂತೆ ಅಂತರ ಕಡಿಮೆ. ಕೊನೆಯ ಆರೇಳು ಸುತ್ತಿನ ಕೆಳಗೆ ಬೇರೊಂದು ನೂಲಿನ ಕುಣಿಕೆ ಇಟ್ಟು, ತುದಿಯನ್ನು ಅದರಲ್ಲಿ ತೂರಿಸಿ ಎಳೆದರೆ ಗಂಟಿಲ್ಲದೆ ಮುಗಿಯುತ್ತದೆ. ಮೀನುಗಾರರು ದಾರಕ್ಕೆ ದಾರ ಸೇರಿಸುವ ಒಂದು ಗಂಟಿನ ಹೆಸರೇ ಸರ್ಜನ್ ಗಂಟು, ಅದನ್ನು ನನಗೆ ಯಾರೂ ಕಲಿಸಬೇಕಾಗಲಿಲ್ಲ! ನೂಲಿನ ಮೇಲೆ ಎಪಾಕ್ಸಿ ಬಳಿದ ಮೇಲೆ ಅದು ಒಂದು ಕಡೆಗೆ ಇಳಿಯದಂತೆ ಕೋಲು ಗಂಟೆಗಟ್ಟಲೆ ತಿರುಗುತ್ತಿರಬೇಕು. ಕೆಟ್ಟ ಮೈಕ್ರೋವೇವ್ ಒಲೆಯ ತಟ್ಟೆ ತಿರುಗಿಸುವ ಮೋಟಾರು ಉಪಯೋಗಕ್ಕೆ ಬಂತು. ಮೊದಲ ಸಲ ಬಾಲ್ಕನಿಯಲ್ಲಿಟ್ಟೆ. ಮಧ್ಯಾಹ್ನ ಧೂಳಿನ ಬಿರುಗಾಳಿ ಎದ್ದು ಕೋಲು ಚಕ್ಕುಲಿಯಂತೆ ಒರಟಾಯಿತು. ಎಲ್ಲ ಕೆತ್ತಿ ತೆಗೆದು ಎರಡನೇ ಸಲ ಬಚ್ಚಲು ಮನೆಯನ್ನೇ ಆಪರೇಷನ್ ಥಿಯೇಟರ್ ಮಾಡಿಕೊಂಡೆ. ಒಂದು ದಿನ ಬಚ್ಚಲಿಗೆ ಯಾರಿಗೂ ಪ್ರವೇಶವಿಲ್ಲವೆಂದಾಗ ನನ್ನ ಹೆಂಡತಿ ಹೇಳಿದ್ದನ್ನು ಸಂಪಾದಕರು ಅಚ್ಚು ಹಾಕಲಾರರು.

2022ರ ಜನವರಿಯಲ್ಲಿ ಕೋಲಿನೊಂದಿಗೆ ಊರಿಗೆ ಹೋದೆ. ಅಪ್ಪನಿಗೆ ಆಗ 81. ಕೆರೆಯ ಮೀನು ಗುತ್ತಿಗೆ ಹಿಡಿದವರನ್ನು ಕೇಳಿ ಒಪ್ಪಿಗೆ ಪಡೆದೆ. ಅಪ್ಪನ ಹಳೆಯ ಶಿಷ್ಯರೇ ಅವರು. ಬೆಳಗಿನ ಮಾತ್ರೆ ಕೊಟ್ಟು, ಅದು ಕೆಲಸ ಮಾಡಲು ಮುಕ್ಕಾಲು ಗಂಟೆ ಕಾದು, ಏರಿಯ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿದೆ. ತೇಲುವ ಕಪ್ಪೆಯ ವೇಷದ ಫ್ಲೈ ಕಟ್ಟಿ, ಮಣಿಕಟ್ಟು ಹೀಗೆ, ಮೊಣಕೈ ಹಾಗೆ ಎಂದು ಶುರುಮಾಡಿದೆ.

"ಪಾಠ ಸಾಕು ಕಣೋ, ಕೋಲು ಕೊಡು" ಎಂದರು.

ಮೊದಲ ನಾಲ್ಕು ಬೀಸು ಗೋಜಲು. ಐದನೆಯದಕ್ಕೆ ಅಪ್ಪ ಬಾಯೊಳಗೇ ಮಗ್ಗಿ ಹೇಳತೊಡಗಿದರು. "ಎರಡೊಂದ್ಲ ಎರಡು" ಎಂದರೆ ಹಿಂದಕ್ಕೆ, "ಎರಡೆರಡ್ಲ ನಾಕು" ಎಂದರೆ ಮುಂದಕ್ಕೆ. ನಲವತ್ತು ವರ್ಷ ಮಕ್ಕಳಿಗೆ ಹೇಳಿಸಿದ ತಾಳ. ದಾರ ಬಿಚ್ಚಿಕೊಂಡು ನೀರಿನ ಮೇಲೆ ಮಲಗಿತು. ಪಾರ್ಕಿನ್ಸನ್ ನಡುಕ ಕೈ ಸುಮ್ಮನಿದ್ದಾಗ ಹೆಚ್ಚು, ಕೆಲಸ ಹಿಡಿದಾಗ ಕಡಿಮೆ. ತಾಳ ಸಿಕ್ಕರೆ ಅವರ ಚಲನೆ ಸಲೀಸಾಗುತ್ತದೆ. ಇದೆಲ್ಲ ನಾನು ಓದಿದ್ದೇ. ಆದರೂ ಅಪ್ಪನ ಕೈ ನಿಶ್ಚಲವಾದದ್ದನ್ನು ನೋಡಿ ನನಗೆ ಮಾತು ಹೊರಡಲಿಲ್ಲ.

ಜೊಂಡಿನ ಪಕ್ಕ ನೀರು ಗುಳುಕ್ ಎಂದಿತು. ಅಪ್ಪ ಒಂದು ಮಾರು ಮುಂದೆ ಹಾಕಿದರು. ಕಪ್ಪೆ ಮಾಯವಾಯಿತು. ಕೊರವ ಕಚ್ಚಿದ ಕೂಡಲೇ ಎಳೆಯಬಾರದು, ಬಾಯಿ ಮುಚ್ಚಲು ಬಿಡಬೇಕು. ಅದನ್ನು ನನಗೆ ಕಲಿಸಿದವರೇ ಅವರು. ನಾನೇ ತಡೆಯಲಾರದೆ "ಎಳೀರಿ ಅಪ್ಪಾ!" ಎಂದು ಕಿರುಚಿದೆ. ಬೆಚ್ಚಿ ಎಳೆದರು. ಬರೀ ದಾರ ಬಂತು.

"ನೀನು ಕೂಗದಿದ್ದರೆ ಸಿಕ್ಕುತ್ತಿತ್ತು" ಎಂದರು, ಅಷ್ಟೇ.

ಅರ್ಧ ಗಂಟೆಯ ಮೇಲೆ ಮೊಳದುದ್ದದ್ದೊಂದು ಸಿಕ್ಕಿತು. ಸ್ಕಾಟ್ಲೆಂಡಿನಲ್ಲಿ ಹಿಡಿದ ಮೀನನ್ನು ಮತ್ತೆ ನೀರಿಗೆ ಬಿಡುವ ಪದ್ಧತಿ ಹೇಳಿದೆ. "ಬಿಡುವುದಾದರೆ ಹಿಡಿಯುವುದೇಕೆ?" ಎಂದರು. ಅಮ್ಮ ಸಾರು ಮಾಡಿದರು.

ಹೊರಡುವ ದಿನ ಕೋಲನ್ನು ಅಪ್ಪನ ಮಂಚದ ಪಕ್ಕ ನಿಲ್ಲಿಸಿದೆ. "ಇಲ್ಲಿ ಬೇಡ, ಗೆದ್ದಲು ಹಿಡಿಯುತ್ತೆ. ನೀನು ಬರುವಾಗ ತಗೊಂಡು ಬಾ" ಎಂದರು. ಕಾರ್ಬನ್ ಫೈಬರಿಗೆ ಗೆದ್ದಲು ಹಿಡಿಯುವುದಿಲ್ಲ ಎಂದು ಹೇಳಲು ಬಾಯಿ ತೆರೆದವನು ಅಪ್ಪನ ಮುಖ ನೋಡಿ ಸುಮ್ಮನಾದೆ. ಅಂದಿನಿಂದ ವರ್ಷಕ್ಕೆ ಎರಡು ಸಲ ಕೋಲು ಊರಿಗೆ ಹೋಗಿ ಬರುತ್ತಿದೆ. ಈಗ ಅಪ್ಪ ಬೀಸುವುದು ಕಡಿಮೆ. ಹಿಡಿಯನ್ನು ಕೈಯಲ್ಲಿಟ್ಟುಕೊಂಡು ಕೂರುತ್ತಾರೆ, ನಾನು ದಾರ ಹಾಕುತ್ತೇನೆ, ಕೂಗುವುದಿಲ್ಲ.

ಡಾಕ್ಟರಾಗಿ ಎರಡು ಮಾತು ಹೇಳಿ ಮುಗಿಸುತ್ತೇನೆ. ಗಲ್ಫ್ ರಸ್ತೆಯಲ್ಲಿ ಗಾಳ ಹಾಕುವವರು ಗಾಳದ ಹಿಂಬಾಗಿದ ಸಣ್ಣ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಕೊಳ್ಳಿ. ಬೆರಳಿಗೆ ಚುಚ್ಚಿದರೂ ಸುಲಭವಾಗಿ ಬರುತ್ತದೆ. ಕಣ್ಣಿನ ಬಳಿ ಚುಚ್ಚಿದರೆ ಮಾತ್ರ ಕೈ ಹಾಕದೆ ಆಸ್ಪತ್ರೆಗೆ ಬನ್ನಿ. ಇನ್ನೊಂದು, ಊರಿನಿಂದ ಹಿರಿಯರ ಕಾಗದ ಬಂದರೆ ಒಳಗಿನ ವಿಷಯ ಓದಿದ ಮೇಲೆ ಹಳೆಯ ಕಾಗದದ ಪಕ್ಕ ಇಟ್ಟು ಅಕ್ಷರವನ್ನೂ ಒಮ್ಮೆ ನೋಡಿ. ಕಾಗದ ಬಾರದಿದ್ದರೆ ಅವರ ಸಹಿಯನ್ನಾದರೂ ನೋಡಿ.

ಚಳಿಗಾಲದ ಶುಕ್ರವಾರಗಳಲ್ಲಿ ಕೂಟದ ಮಕ್ಕಳು ಯಾರಾದರೂ ಬಂದರೆ ಪಾರ್ಕಿನ ಹುಲ್ಲಿನ ಮೇಲೆ ಬೀಸುವುದನ್ನು ಹೇಳಿಕೊಡುತ್ತೇನೆ. ಗಾಳದ ಬದಲು ತುದಿಗೆ ಉಣ್ಣೆಯ ಉಂಡೆ ಕಟ್ಟಿರುತ್ತದೆ, ತಾಯಂದಿರು ಹೆದರಬೇಕಾಗಿಲ್ಲ. ಎರಡರ ಮಗ್ಗಿ ಬಂದರೆ ಸಾಕು. ಸಂಕ್ರಾಂತಿಯ ವಾರ ಮಾತ್ರ ನಾನಿರುವುದಿಲ್ಲ. ಕೋಲು ಊರಿಗೆ ಹೋಗಬೇಕು.