ಓದಿ ಹೇಳುವ ಪೆಟ್ಟಿಗೆ

ದಬ್ಬೇಘಟ್ಟದ ಸೀಮೆಯಲ್ಲಿ ಅಟ್ಟ ಏರಿದ ತೆಂಗಿನಕಾಯಿ ಕೊಬ್ಬರಿಯಾಗಿ ಇಳಿಯಬೇಕಾದರೆ ಹತ್ತು ಹನ್ನೊಂದು ತಿಂಗಳು ಕಾಯಬೇಕು. ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟುಕೊಂಡು, ಅಲುಗಿಸಿದಾಗ ಗಡಗಡನೆ ಸದ್ದು ಕೇಳಿತೆಂದರೆ ಉಂಡೆ ಕೊಬ್ಬರಿ ಸಿದ್ಧವಾಯಿತೆಂದು ಅರ್ಥ. ಇದನ್ನು ತಿಳಿಯಲು ಅಕ್ಷರಜ್ಞಾನ ಬೇಕಿಲ್ಲ, ಕಿವಿಯೊಂದಿದ್ದರೆ ಸಾಕು. ಆದರೆ ಕಾಯಿ ಸುಲಿಸಿದ ಮೇಲೆ ಎದುರಾಗುವುದೆಲ್ಲ ಬರಹದ ವ್ಯವಹಾರ. ತಿಪಟೂರಿನ ಮಾರುಕಟ್ಟೆಯ ಧಾರಣೆ ಬರಹದಲ್ಲಿರುತ್ತದೆ; ತೋಟ ಯಾರ ಹೆಸರಿನಲ್ಲಿದೆ ಎಂಬುದು ಪಹಣಿಯಲ್ಲಿರುತ್ತದೆ. ಓದಲಾರದವರು ಎರಡನ್ನೂ ಇನ್ನೊಬ್ಬರ ಬಾಯಿಂದಲೇ ಕೇಳಬೇಕು. ಆ ಇನ್ನೊಬ್ಬರು ಸಜ್ಜನರಾದರೆ ಸರಿ; ಕೊಬ್ಬರಿ ಕೊಳ್ಳಲು ಬಂದವರೇ ಆಗಿದ್ದರೆ, ಕಾಯಿ ಅಟ್ಟದಿಂದ ಇಳಿಯುವ ಮೊದಲೇ ಧಾರಣೆ ಇಳಿದಿರುತ್ತದೆ.

ಇಂಥವರ ಅಂಗೈಗೆ, ಓದಿ ಹೇಳುವ ಒಂದು ಗಣಕಯಂತ್ರವನ್ನು ಕೊಡಬೇಕೆಂಬ ಯೋಚನೆ 1998ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್ ಮತ್ತು ವಿ. ವಿನಯ್ ಅವರೂ, ಎನ್‌ಕೋರ್ ಕಂಪನಿಯ ವಿನಯ್ ದೇಶಪಾಂಡೆ ಮೊದಲಾದವರೂ ಕಲೆತು ಮರುವರ್ಷ ಒಂದು ಟ್ರಸ್ಟ್ ಸ್ಥಾಪಿಸಿದರು. ಯಂತ್ರಕ್ಕೆ ಸಿಂಪ್ಯೂಟರ್ ಎಂದು ಹೆಸರಾಯಿತು. ಅದರ ಮಾದರಿಯು 2001ರ ಏಪ್ರಿಲ್ ತಿಂಗಳಲ್ಲಿ ಜನರ ಕಣ್ಣಿಗೆ ಬಿದ್ದಿತು.

ಅದರ ಒಳಗಿದ್ದುದು ಯಾವ ಮಾಯಾವಸ್ತುವೂ ಅಲ್ಲ. ದುಡ್ಡು ಕೊಟ್ಟರೆ ಪೇಟೆಯಲ್ಲಿ ದೊರೆಯುತ್ತಿದ್ದ ಸಾಮಗ್ರಿಯನ್ನೇ ವಿವೇಕದಿಂದ ಜೋಡಿಸಿದ್ದರು. ಇಂಟೆಲ್ ಕಂಪನಿ ಮಾರುತ್ತಿದ್ದ ಸ್ಟ್ರಾಂಗ್‌ಆರ್ಮ್ ಎಂಬ ಚಿಪ್ಪು, ಬೆರಳಿನಿಂದಲೋ ಕಡ್ಡಿಯಿಂದಲೋ ಮುಟ್ಟಬಹುದಾದ ಪುಟ್ಟ ತೆರೆ, ಹೆಚ್ಚೆಂದರೆ 64 ಮೆಗಾಬೈಟ್ ಸ್ಮರಣೆ, ಯಾರಿಗೂ ಶುಲ್ಕ ತೆರಬೇಕಿಲ್ಲದ ಲಿನಕ್ಸ್ ತಂತ್ರಾಂಶ. ತಿರುಗುವ ಡಿಸ್ಕನ್ನು ಬಿಟ್ಟೇ ಬಿಟ್ಟರು. ಧೂಳು, ಕುಲುಕಾಟಗಳ ನಡುವೆ ಅದು ಬಾಳುವಂಥದಲ್ಲ. ಬೆಲೆಯನ್ನು 9,000 ರೂಪಾಯಿಗೆ ತರಬೇಕೆಂಬುದು ಅವರ ಹಂಬಲ. ಇನ್ನೂ ಒಂದು ವಿಶೇಷವುಂಟು: ಯಂತ್ರದ ರಚನೆಯ ವಿವರವನ್ನು ಗುಟ್ಟಾಗಿಡದೆ, ಬೇಕಾದವರು ಕಟ್ಟಿಕೊಳ್ಳುವಂತೆ ಪರವಾನಗಿಯನ್ನು ರೂಪಿಸಿದ್ದರು. ಅಡಿಗೆಯ ಗುಟ್ಟನ್ನು ಸೊಸೆಗೂ ಹೇಳದ ಅತ್ತೆಯರಿರುವ ಲೋಕದಲ್ಲಿ ಇದು ಸಣ್ಣ ಔದಾರ್ಯವಲ್ಲ.

ಹಳ್ಳಿಯ ಮನೆಗೆ 9,000 ರೂಪಾಯಿಯೂ ಭಾರವೆಂಬುದನ್ನು ಅವರು ಬಲ್ಲರು. ಅದಕ್ಕಾಗಿ ಯಂತ್ರಕ್ಕೆ ಒಂದು ಕಾರ್ಡು ತೂರಿಸುವ ಕಂಡಿಯನ್ನು ಇಟ್ಟರು. ಯಂತ್ರ ಊರಿಗೆ ಒಂದು. ಕಾರ್ಡು ಮಾತ್ರ ಅವರವರದು. ಯಾರ ಕಾರ್ಡು ಒಳಗಿದೆಯೋ ಅಷ್ಟು ಹೊತ್ತು ಯಂತ್ರ ಅವರ ವಿವರವನ್ನಷ್ಟೇ ಬಲ್ಲುದು. ಕೇರಿಗೊಂದು ಒರಳುಕಲ್ಲು ಇದ್ದು, ಅವರವರ ಅಕ್ಕಿ ಅವರವರು ತಂದು ರುಬ್ಬಿಕೊಂಡು ಹೋದಂತೆ.

ಎಲ್ಲಕ್ಕಿಂತ ಮಿಗಿಲಾದುದು ಅದರ ಮಾತು. ಇಂಗ್ಲಿಷಿನಲ್ಲಿ ಬರೆಯುವುದೊಂದು, ಉಚ್ಚರಿಸುವುದೊಂದು. ಕನ್ನಡದ ಓದುಗರಿಗೆ ಆ ತೊಡಕು ಕಡಮೆ. ಕಾಗುಣಿತ ಬಂದರೆ ಬಹುಮಟ್ಟಿಗೆ ಉಚ್ಚಾರವೂ ಬಂದಂತೆಯೇ. ಶತಮಾನಗಳಿಂದ ಮಕ್ಕಳನ್ನು ಮರಳಿನ ಮೇಲೆ ತಿದ್ದಿಸಿದ ಆ ಅಚ್ಚುಕಟ್ಟು ಇಲ್ಲಿ ಯಂತ್ರಕ್ಕೆ ನೆರವಾಯಿತು. ರಮೇಶ್ ಹರಿಹರನ್ ಅವರು ಆರಂಭಿಸಿದ ‘ಧ್ವನಿ’ ಎಂಬ ತಂತ್ರಾಂಶ ಬರಹವನ್ನು ಉಚ್ಚಾರದ ತುಣುಕುಗಳಾಗಿ ಬಿಡಿಸಿ, ಮೊದಲೇ ಮುದ್ರಿಸಿಟ್ಟ ಮನುಷ್ಯಕಂಠದ ಚೂರುಗಳನ್ನು ಪೋಣಿಸಿ ನುಡಿಯುತ್ತಿತ್ತು. ಹೀಗೆ ಪೋಣಿಸಿದ ಮಾತಿನಲ್ಲಿ ರಾಗವಿರುವುದಿಲ್ಲ, ಭಾವವೂ ಇರುವುದಿಲ್ಲ. ಧಾರಣೆ ಕೇಳುವವರಿಗೆ ಅವೆರಡೂ ಬೇಕಾಗಿಲ್ಲ.

ಮುಂದಿನ ಕಥೆಯನ್ನು ಬೇಗ ಹೇಳಿ ಮುಗಿಸಬಹುದು. ಕರ್ನಾಟಕ ಸರ್ಕಾರ ಭೂದಾಖಲೆಯ ಕೆಲಸದಲ್ಲಿ ಸಿಂಪ್ಯೂಟರನ್ನು ಬಳಸಿ ನೋಡಿತು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ತಯಾರಾದ ‘ಅಮಿಡಾ’ ಎಂಬ ಮಾದರಿ ಪೇಟೆಗೆ ಬಂತು. ಕೈಯನ್ನು ವಾಲಿಸಿದರೆ ಅದರ ಪುಟ ಮಗುಚುತ್ತಿತ್ತು. ಐಫೋನು ಬಂದದ್ದು ಅದಾದ ಮೂರು ವರ್ಷಕ್ಕೆ. ಆದರೆ 50,000 ಯಂತ್ರಗಳಾದರೂ ಮಾರಾಟವಾದಾವೆಂದು ಹಾರೈಸಿದ್ದ ಕಡೆ 2005ರವರೆಗೆ ಮಾರಿದ್ದು ಸುಮಾರು 4,000. ಹೆಚ್ಚು ಮಾರದೆ ಬೆಲೆ ಇಳಿಯದು, ಬೆಲೆ ಇಳಿಯದೆ ಹೆಚ್ಚು ಮಾರದು. ಅಷ್ಟರಲ್ಲಿ ಮೊಬೈಲು ಫೋನು ಅಗ್ಗವಾಗಿ ಮನೆಮನೆಗೂ ಹೊಕ್ಕಿತು. ಪತ್ರಿಕೆಗಳು ಸಿಂಪ್ಯೂಟರ್ ಸೋತಿತೆಂದು ಬರೆದವು. ಮಾರಾಟದ ಲೆಕ್ಕಕ್ಕೆ ಅದು ನಿಜ. ಊರಿಗೊಂದು ಯಂತ್ರವಿರಲಿ ಎಂಬ ಯೋಚನೆ ಸೋತಿತೋ, ಅದನ್ನು ಯಾರೂ ಪೂರಾ ಪರೀಕ್ಷಿಸಲೇ ಇಲ್ಲವೋ ಎಂಬುದು ಬೇರೆ ಪ್ರಶ್ನೆ.

ಆ ಏಳು ಜನ ವರ್ಷಗಟ್ಟಲೆ ಹೆಣಗಿದ ಕೆಲಸವನ್ನು ಇಂದು ಕಾಲೇಜಿನ ಹುಡುಗನೊಬ್ಬ ರಜೆಯಲ್ಲಿ ಮಾಡಬಹುದು. ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಗೆ ಹೋಗಿ ಬಂದರೆ ಸಾಮಗ್ರಿ ಚೀಲದಲ್ಲಿರುತ್ತದೆ. 2021ರಲ್ಲಿ 15 ಡಾಲರ್ ಬೆಲೆಗೆ ಹೊರಬಂದ ‘ರಾಸ್ಪ್‌ಬೆರಿ ಪೈ ಜೀರೋ 2’ ಎಂಬ ಹಲಗೆ ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದು. ಅದರ ಸ್ಮರಣೆ 512 ಮೆಗಾಬೈಟ್. ಅದರ ಚಿಪ್ಪು ಸ್ಟ್ರಾಂಗ್‌ಆರ್ಮ್ ವಂಶದ್ದೇ. ಮೂರೂವರೆ ಅಂಗುಲದ ಒಂದು ತೆರೆ, ಬೆರಳುದ್ದದ ಲಿಥಿಯಂ ಕೋಶ, ಕೋಶದ 3.7 ವೋಲ್ಟನ್ನು ಹಲಗೆಗೆ ಬೇಕಾದ 5ಕ್ಕೆ ಏರಿಸುವ ಒಂದು ಬಿಲ್ಲೆ, ಮಿತಿಮೀರಿ ತುಂಬದಂತೆ ಕಾಯುವ ಇನ್ನೊಂದು ಬಿಲ್ಲೆ. ಬೆಸುಗೆ ಹಾಕುವಾಗ ಧನ ಋಣಗಳನ್ನು ಅದಲುಬದಲು ಮಾಡಿದರೆ ಹೊಗೆಯ ವಾಸನೆ ಅಡಿಗೆಮನೆಯವರೆಗೂ ಹೋಗುತ್ತದೆಂಬುದನ್ನು ಬಿಟ್ಟರೆ ದೊಡ್ಡ ವಿಘ್ನವಿಲ್ಲ.

ಇಂಥ ಹುಡುಗನೊಬ್ಬ ದಬ್ಬೇಘಟ್ಟದ ತೋಟದ ಮನೆಯಲ್ಲಿ ಕುಳಿತು ಪೆಟ್ಟಿಗೆ ಕಟ್ಟಿದನೆಂದು ಭಾವಿಸಬಹುದು. ತೆರೆಯ ಮೇಲೆ ಅಕ್ಷರ ಮೂಡಿದೊಡನೆ ಅವನ ಕೆಲಸ ಮುಗಿಯಿತು. ಗೆಳೆಯರು ಭೇಷ್ ಎಂದಾರು. ಅಜ್ಜಿ ಹತ್ತಿರ ಬಂದು, “ಇದು ಏನು ಹೇಳ್ತದಪ್ಪಾ?” ಎಂದು ಕೇಳಿದರೆ? ಆ ಹಲಗೆಗೆ ಧ್ವನಿಯ ತಂತಿ ಸಿಕ್ಕಿಸುವ ಕಿಂಡಿಯೇ ಇಲ್ಲ. ಕನ್ನಡವನ್ನು ಓದಬಲ್ಲ ತಂತ್ರಾಂಶ ಬಿಟ್ಟಿಯಾಗಿಯೇ ಸಿಗುತ್ತದೆ. ಬಾಯಿ ಮಾತ್ರ ಇಲ್ಲ. ಸಣ್ಣದೊಂದು ಧ್ವನಿವರ್ಧಕದ ಬಿಲ್ಲೆಯನ್ನೂ ರೂಪಾಯಿಯಗಲದ ಸ್ಪೀಕರನ್ನೂ ತಂದು, ಮುಚ್ಚಿದ ಮುಚ್ಚಳವನ್ನು ಮತ್ತೆ ಬಿಚ್ಚಿ, ಇನ್ನೂ ನಾಲ್ಕೈದು ತಂತಿಗಳಿಗೆ ಬೆಸುಗೆ ಹಾಕಬೇಕು.