ಬಾಕಿ ಉಳಿದ ಉತ್ತರ

1974ರ ಮಾತು. ಒಂಬತ್ತನೆಯ ತರಗತಿಯಲ್ಲಿ ಎಂಜಿನ್ನಿನ ಪಾಠ ನಡೆದಿತ್ತು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದುನಿಂತು, "ಸಾರ್, ಲಾರಿಗಿರುವ ಡೀಸೆಲ್ ಎಂಜಿನ್ ಕಾರಿಗೆ ಏಕಿಲ್ಲ?" ಎಂದು ಕೇಳಿದ. ನನಗೆ ತಿಳಿದಿರಲಿಲ್ಲ, ಹಾಗೆಂದು ಹೇಳಲು ನಾಚಿಕೆ. "ಪರೀಕ್ಷೆಗೆ ಬಾರದ್ದನ್ನು ಕೇಳಬೇಡ, ಕುಳಿತುಕೋ" ಎಂದು ಗದರಿದೆ. ಅವನು ಮತ್ತೆಂದೂ ಪ್ರಶ್ನೆ ಕೇಳಲಿಲ್ಲ.

ಅಂತಹ ಕಾರು 1936ರಲ್ಲಿಯೇ ಬಂದಿತ್ತೆಂದು ನಿವೃತ್ತಿಯ ಬಳಿಕ ಓದಿ ತಿಳಿದೆ. ಬರ್ಲಿನ್ನಿನ ವಾಹನ ಪ್ರದರ್ಶನದಲ್ಲಿ ಆ ವರ್ಷ ಮರ್ಸಿಡಿಸ್-ಬೆಂಜ್ 260 ಡಿ ಕಾಣಿಸಿಕೊಂಡಿತು. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇಲ್ಲ. ಬಲವಾಗಿ ಒತ್ತಲ್ಪಟ್ಟು ಕಾದ ಗಾಳಿಯೇ ಇಂಧನವನ್ನು ಹೊತ್ತಿಸುತ್ತದೆ. ಆ ಒತ್ತಡ ತಾಳಲು ಎಂಜಿನ್ ಗಟ್ಟಿಯಾಗಿ, ಭಾರವಾಗಿ ಇರಬೇಕು, ಅದುರಾಟವೂ ಹೆಚ್ಚು. ಎಂಜಿನಿಯರುಗಳು ಮೊದಲು ಆರು ಸಿಲಿಂಡರಿನದನ್ನು ಕೂರಿಸಿ ನೋಡಿದರು. ಅದರ ಅದುರಾಟವನ್ನು ಕಾರಿನ ಚೌಕಟ್ಟು ತಾಳಲಿಲ್ಲ. ಅದನ್ನು ಬದಿಗಿರಿಸಿ, ನಾಲ್ಕು ಸಿಲಿಂಡರಿನ, 45 ಅಶ್ವಶಕ್ತಿಯ ಎಂಜಿನ್ ರೂಪಿಸಿದರು. ಇಂಧನವು ಮೊದಲು ಪುಟ್ಟ ಕೋಣೆಯೊಂದರಲ್ಲಿ ಹೊತ್ತಿಕೊಂಡು, ಬಳಿಕ ಸಿಲಿಂಡರಿಗೆ ಹರಡುತ್ತಿದ್ದುದರಿಂದ ಹೊಡೆತ ಮೃದುವಾಯಿತು. ಬಾಷ್ ಕಂಪನಿಯ ಪಂಪು ಇಂಧನವನ್ನು ಅಳೆದು ಚಿಮ್ಮಿಸುತ್ತಿತ್ತು. ನೂರು ಕಿಲೋಮೀಟರಿಗೆ ಸುಮಾರು 9 ಲೀಟರ್ ಸಾಕಾಗುತ್ತಿದ್ದುದರಿಂದ ಟ್ಯಾಕ್ಸಿಯವರು ಅದನ್ನು ಮೆಚ್ಚಿದರು.

ಮೊದಲ ಎಂಜಿನ್ ಸೋತಿತೆಂದು ಒಪ್ಪಿಕೊಂಡು ಮತ್ತೊಂದನ್ನು ಕಟ್ಟಿದ ಆ ಜನರೆದುರು, "ಗೊತ್ತಿಲ್ಲ" ಎನ್ನಲಾರದ ನನ್ನ ಮೇಷ್ಟ್ರುಗಿರಿ ಬಹಳ ಸಣ್ಣದೆನಿಸಿತು.

ಎಲ್ಲಿದ್ದೀಯೋ ತಿಳಿಯದು, ಮಗೂ. ನೀನೂ ಈಗ ಅರವತ್ತು ದಾಟಿರಬೇಕು. ಇದನ್ನು ಓದುತ್ತಿದ್ದರೆ, ಅಂದಿನ ಪ್ರಶ್ನೆಗೆ ಇದೇ ಉತ್ತರ. ತಡವಾದುದಕ್ಕೆ ಈ ಮೇಷ್ಟರನ್ನು ಕ್ಷಮಿಸು.